ಮಿಸ್ ಡಾನೆಟ್ ದೋಣಿಯ ಮೇಲೊಂದು ಸಂಸಾರ

ಓರ್ವಿಲ್ ಡೈಜ್ ಮುನಿಸಿಕೊಂಡರೆ ಇಡೀ ದ್ವೀಪಕ್ಕೆ ಗ್ರಹಣ ಹಿಡಿಯುತ್ತದೆ ಎಂಬುದು ಓರ್ವಿಲ್ ಡೈಜನ ನಂಬಿಕೆ. ದ್ವೀಪದ ಉಳಿದವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಆ ವರ್ಷ ಮಾರ್ಚಿನಲ್ಲಿ, ಏಡಿ ಹಿಡಿಯುವ ಕಾಲ ಇನ್ನೇನು ಶುರುವಾಗಬೇಕು, ಚರ್ಚಿನ ಊಟದ ಮನೆಯಲ್ಲಿ ಅವನು ಪ್ರಾರ್ಥನೆ ಹೇಳಲು ನಿಂತ. ಸೂಪು ಆರಿ ತಣ್ಣಗಾದರೂ ಮುಗಿಸಲಿಲ್ಲ. ಹಸಿದ ಯಾರೋ ಕೆಮ್ಮಿದರು. ಅಷ್ಟೇ ಸಾಕಾಯಿತು.

"ಇನ್ಮೇಲೆ ನನ್ನ ಜೊತೆ ಯಾರೂ ಮಾತಾಡ್ಕೂಡ್ದು. ನಾನಿಲ್ದೆ ಈ ಚೆಸಪೀಕ್ ಕೊಲ್ಲೀಲಿ ಅದ್ಹೇಗೆ ಏಡಿ ಹಿಡೀತೀರೋ ನೋಡೇಬಿಡ್ತೀನಿ" ಎಂದು ಗುಡುಗಿ, ಮನೆಗೆ ಬಂದು ಜಗಲಿಯ ಕುರ್ಚಿಯಲ್ಲಿ ಕೂತ.

ಅವನಿಲ್ಲದೆಯೂ ಹಿಡಿದರು. ಬೋನು ತುಂಬ ಹಿಡಿದರು.

ಮಾರ್ಚಿನಲ್ಲಿ ದೋಣಿಯನ್ನು ಕಟ್ಟಿದಲ್ಲೇ ಬಿಡಬಾರದು ಎಂಬುದು ನಮ್ಮಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ದಕ್ಷಿಣದಿಂದ ಮೀನುಗಿಡುಗಗಳು ಗೂಡು ಕಟ್ಟಲು ಮರಳುವ ತಿಂಗಳು ಅದು. ನೀರಿನಲ್ಲಿ ನೆಟ್ಟ ಕಂಬಗಳನ್ನೆಲ್ಲ ಹಳೇ ಜೋಡಿಗಳು ಹಿಡಿದಿರುತ್ತವೆ, ತಡವಾಗಿ ಬಂದ ಎಳೇ ಜೋಡಿಗಳು ಕದಲದೆ ನಿಂತದ್ದೆಲ್ಲ ತಮ್ಮದೇ ಎಂದುಕೊಳ್ಳುತ್ತವೆ. ಈ ಪಾಠವನ್ನು ಊರ ಹುಡುಗರಿಗೆಲ್ಲ ಕಿವಿ ಹಿಂಡಿ ಕಲಿಸಿದವನು ಓರ್ವಿಲ್ಲೇ. ಈಗ ಇಡೀ ಬಂದರಿನಲ್ಲಿ ಕದಲದೆ ನಿಂತದ್ದು ಅವನ ದೋಣಿಯೊಂದೇ. ಮಗಳ ಹೆಸರಿಟ್ಟು ಅವನೇ ಬಣ್ಣ ಬಳಿದ 'ಮಿಸ್ ಡಾನೆಟ್'.

ಮೂರು ವಾರ ಕಳೆದು, ಮುನಿಸು ಹಳಸಿ, ಯಾರೂ ಕರೆಯದಿದ್ದರೂ ತಾನೇ ದೊಡ್ಡ ಮನಸ್ಸು ಮಾಡಿ ಬಂದರಿಗೆ ಹೋದರೆ, ದೋಣಿಯ ಚಾವಣಿ ಮೇಲೆ ಒಂದು ಗಾಡಿ ಕಡ್ಡಿ. ಕಡ್ಡಿಗಳ ನಡುವೆ ಎರಡು ಹಳದಿ ಕಣ್ಣು.

"ಲೋ ಹ್ಯಾಸ್ಕಲ್! ಕಣ್ಣು ಕುರುಡಾಗಿತ್ತೇನೋ? ಒಂದ್ ಮಾತು ಹೇಳೋಕಾಗ್ಲಿಲ್ವಾ?"

ಪಕ್ಕದ ದೋಣಿಯ ಹ್ಯಾಸ್ಕಲ್ ಬಾಯಿ ಮೇಲೆ ಬೆರಳಿಟ್ಟುಕೊಂಡ. "ಮಾತಾಡ್ಕೂಡ್ದು ಅಂದಿದ್ರಲ್ಲ, ಕ್ಯಾಪ್ಟನ್?"

ಅಂಚೆ ದೋಣಿಯಲ್ಲಿ ಹಕ್ಕಿ ಇಲಾಖೆಯ ಅಧಿಕಾರಿ ಬಂದ. ಏಣಿ ಹತ್ತಿ ನೋಡಿ, ಮೊಟ್ಟೆ ಇಟ್ಟಾಗಿದೆ ಎಂದ.

"ಕಾನೂನು ಪ್ರಕಾರ ಇನ್ನು ಗೂಡು ಮುಟ್ಟೋ ಹಾಗಿಲ್ಲ, ದೋಣಿ ಬಿಚ್ಚೋ ಹಾಗಿಲ್ಲ. ಮಳೆ ನೀರು ತುಂಬಿದ್ರೆ ಹತ್ತಿ ತೋಡಿ ಹಾಕಿ, ಬೇಗ ಇಳೀರಿ. ಮರಿ ಹಾರೋವರ್ಗೂ ಅಷ್ಟೇ."

"ಅದ್ಯಾವಾಗ?"

"ಆಗಸ್ಟ್ ಹೊತ್ತಿಗೆ."

"ಅಲ್ಲೀವರ್ಗೂ ನಾನೇನ್ ತಿನ್ಲಿ?"

"ನಾನು ಹಕ್ಕಿ ಇಲಾಖೆ, ಸ್ವಾಮಿ" ಎಂದು ಅವನು ನಡೆದ.

ಹೀಗೆ, ಮೈಗಳ್ಳರನ್ನು ಕಂಡರಾಗದ ಓರ್ವಿಲ್ ಡೈಜ್, ದುಡಿಮೆಯ ಕಾಲವಿಡೀ ಮಡಿಲಲ್ಲಿ ದುರ್ಬೀನು ಇಟ್ಟುಕೊಂಡು ಜಗಲಿಯಲ್ಲಿ ಕೂತ. ಹೆಂಡತಿ ಲುರೀನ್ ಏಡಿ ಬಿಡಿಸುವ ಶೆಡ್ಡಿಗೆ ಹೋಗಿ ಬೆರಳು ಕುಯ್ಯಿಸಿಕೊಂಡು ಮನೆ ನಡೆಸಿದಳು.

ಮೊದಮೊದಲು ಅವನಿಗೆ ಆ ಗಂಡು ಹಕ್ಕಿಯನ್ನು ಕಂಡರೆ ಉರಿ. "ಹೆಂಡ್ತಿ ಮೊಟ್ಟೆ ಮೇಲೆ ಕೂತಿದಾಳೆ, ಇವ್ನು ನೋಡಿದ್ರೆ ಮೀನು ಬಿಟ್ಟು ಎಲ್ಲಿಂದ್ಲೋ ರಬ್ಬರ್ ಚಪ್ಪಲಿ ಹೊತ್ಕೊಂಡ್ ಬಂದವ್ನೆ!"

"ಚಪ್ಪಲಿಯಾದ್ರೂ ತಂದ" ಎಂದಳು ಲುರೀನ್. "ನಮ್ಮ ದೋಣಿ ಮೇಲೆ ಒಬ್ಬ ಗಂಡಸಾದ್ರೂ ದುಡೀತಿದಾನಲ್ಲ, ಅಷ್ಟೇ ಪುಣ್ಯ."

ಮೂರು ಮರಿಯಾದವು. ಓರ್ವಿಲ್‌ನ ಬಾಯಿಯೂ ಬದಲಾಯಿತು. ಬಿಸಿಲೇರಿದಾಗ ತಾಯಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದದ್ದು, ಅಪ್ಪ ತಂದ ಮೀನನ್ನು ಚೂರು ಚೂರು ಮಾಡಿ ಉಣಿಸಿದ್ದು, ಎಲ್ಲದರಲ್ಲೂ ಹಿಂದೆ ಬೀಳುವ ಮೂರನೆಯದು ಇವತ್ತು ಒಂದು ತುತ್ತು ಹೆಚ್ಚು ತಿಂದದ್ದು, ಇವೇ ಅವನ ಸುದ್ದಿ. ಅಂಗಡಿಯ ಬೆಂಚಿಗೆ ಬಂದು ಅದನ್ನೆಲ್ಲ ಬಿಚ್ಚಿಡುತ್ತಿದ್ದ. "ಅಪ್ಪ ಅಂದ್ರೆ ಅವ್ನಪ್ಪಾ! ಗಾಳಿ ಇರ್ಲಿ, ಅಲೆ ಇರ್ಲಿ, ಮಕ್ಳ ಹತ್ರ ಬಂದೇ ಬರ್ತಾನೆ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ. ಬೆಂಚಿನವರು ಅವನಿಗೆ ಪ್ರೊಫೆಸರ್ ಎಂದು ಹೆಸರಿಟ್ಟರು. ಅವನು ಅದನ್ನು ಮರ್ಯಾದೆ ಎಂದುಕೊಂಡ.

ಜೋರು ಮಳೆಯಾದರೆ ದೋಣಿಯ ತಳದಲ್ಲಿ ನೀರು ನಿಲ್ಲುತ್ತಿತ್ತು. ಆಗ ಓರ್ವಿಲ್ ತಲೆಗೆ ಏಡಿ ಬುಟ್ಟಿ ಬೋರಲು ಹಾಕಿಕೊಂಡು ದೋಣಿ ಹತ್ತಬೇಕು. ತಾಯಿ ಹಕ್ಕಿ ಎರಗಿ ಬುಟ್ಟಿಯನ್ನು ಕೆರೆಯುತ್ತಿತ್ತು. ಒಳಗಿನಿಂದ ಅವನು, "ನಾನಮ್ಮಾ, ನಾನು" ಎಂದು ಗೋಗರೆಯುತ್ತಿದ್ದ. ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಗಸ್ಟ್‌ನಲ್ಲಿ ಎರಡು ಮರಿ ಹಾರಿದವು. ಮೂರನೆಯದು ಗೂಡಿನ ಅಂಚಿಗೆ ಬಂದು, ಕೆಳಗಿನ ನೀರು ನೋಡಿ, ಹಿಂದಕ್ಕೆ ಸರಿಯುತ್ತಿತ್ತು. ಹೊರಗೆ ಕೊಲ್ಲಿಯಲ್ಲಿ ಏಡಿಗಳು ಕೊಬ್ಬಿ ನಿಂತಿದ್ದವು. ಕೆಟ್ಟುಹೋದ ವರ್ಷದಲ್ಲಿ ಅಷ್ಟಿಷ್ಟು ದುಡಿಯಲು ಓರ್ವಿಲ್‌ಗೆ ಉಳಿದಿದ್ದದ್ದು ಆ ಕೆಲವೇ ವಾರ.

"ಕ್ಯಾಪ್ಟನ್, ಇಂಜಿನ್ ಶುರು ಮಾಡ್ಬಿಡಿ" ಎಂದ ಹ್ಯಾಸ್ಕಲ್. "ಹೆದರ್ಕೊಂಡು ತಾನೇ ಹಾರುತ್ತೆ. ನಾವ್ಯಾರೂ ನೋಡಿಲ್ಲ."

ಓರ್ವಿಲ್ ಕೀಲಿ ಹಿಡಿದು ದೋಣಿ ಹತ್ತಿದ. ಬಂದರಿನ ಅರ್ಧ ಜನ ನೋಡುತ್ತಿದ್ದರು. ಹೆದರಿ ನೀರಿಗೆ ಬಿದ್ದರೆ ಮರಿ ಮೇಲೇಳುವುದಿಲ್ಲ, ಅದು ಅವನಿಗೂ ಗೊತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತು, ಕೀಲಿಯನ್ನು ಜೇಬಿಗಿಳಿಸಿ ಇಳಿದು ಬಂದ.

"ಅದಕ್ಕೆ ಯಾವಾಗ ಮನಸ್ಸಾಗುತ್ತೋ ಆಗ ಹೋಗ್ಲಿ. ಕೂಸಿಗಿಂತ ಏಡಿ ಹೆಚ್ಚೇನ್ರೋ?" ಎಂದ, ಎಲ್ಲರಿಗೂ ಕೇಳುವ ಹಾಗೆ.

ನಗುವುದಕ್ಕೆಂದೇ ನಿಂತಿದ್ದವರು ನಗಲಿಲ್ಲ. ಒಬ್ಬಿಬ್ಬರು ಟೋಪಿಯನ್ನೂ ತೆಗೆದರು. ಮರಿ ತನ್ನ ಪಾಡಿಗೆ ಪುಕ್ಕ ಬಲಿಸಿಕೊಂಡು, ಏಡಿಗಳೆಲ್ಲ ಆಳಕ್ಕಿಳಿದು ಹಿಡಿಯುವ ಕಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಹಾರಿಹೋಯಿತು. ಮುಂದಿನ ಭಾನುವಾರ ಪಾದ್ರಿಗಳು, "ಒಂದು ಮರಿಗಾಗಿ ತನ್ನ ಅನ್ನವನ್ನೇ ಬಿಟ್ಟ ಮನುಷ್ಯ ನಮ್ಮ ನಡುವೆ ಇದಾನೆ" ಎಂದರು. ಓರ್ವಿಲ್ ತಲೆ ತಗ್ಗಿಸಿದ. ಎಲ್ಲರಿಗೂ ಕಾಣುವಷ್ಟೇ ತಗ್ಗಿಸಿದ.

ಮನೆಗೆ ಬಂದ ಮೇಲೂ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಲುರೀನ್ ಜೋಳದ ರೊಟ್ಟಿ ಕತ್ತರಿಸುತ್ತಿದ್ದಳು.

"ಪಾದ್ರಿಗಳು ಹೇಳಿದ್ದು ಕೇಳಿದ್ಯಾ?"

"ಕೇಳ್ದೆ."

"ನೀನೇನೂ ಅನ್ನಲ್ವಾ?"

ಅವಳು ಚಾಕು ಕೆಳಗಿಟ್ಟಳು. "ಡಾನೆಟ್ ಮದುವೆ ದಿನ ಅದೇ ಚರ್ಚಿನ ಬಾಗ್ಲಲ್ಲಿ ಆ ಹುಡುಗಿ ನಿನ್ನ ದಾರಿ ನೋಡ್ತಾ ನಿಂತಿದ್ಲು. ಏಡಿ ಚೆನ್ನಾಗಿ ಬೀಳ್ತಿದೆ ಅಂತ ನೀನು ದೋಣಿ ತಿರುಗಿಸ್ಲೇ ಇಲ್ಲ. ಕೊನೆಗೆ ಅಪ್ಪನ ಬದ್ಲು ಹ್ಯಾಸ್ಕಲ್ ಅವಳನ್ನ ಒಳಗೆ ಕರ್ಕೊಂಡ್ಹೋದ. ಅವತ್ತಿಂದ ಅವಳು ಈ ದ್ವೀಪಕ್ಕೆ ಕಾಲಿಟ್ಟಿಲ್ಲ. ಹಕ್ಕಿ ಮರಿಗೆ ಕಾದೆ ಅಂತ ಈಗ ನನ್ ಹತ್ರ ಶಭಾಷ್‌ಗಿರಿ ಕೇಳ್ತೀಯಾ?"

ಓರ್ವಿಲ್‌ಗೆ ಅವಮಾನಕ್ಕಿಂತ ಭಯವಾಯಿತು. ಈ ಸಲ ಮುನಿಸಿಕೊಂಡು ಜಗಲಿಗೆ ಹೋಗಲಿಲ್ಲ. ಫೋನಿನ ಹತ್ತಿರ ಹೋಗಿ ಕೇಳಿದ:

"ಈಗ ಫೋನ್ ಮಾಡಿದ್ರೆ ಎತ್ತುತಾಳಾ?"

"ಮಾಡಿ ನೋಡು" ಎಂದಳು ಲುರೀನ್. "ನಂಬರ್ ಗೊತ್ತಾ?"

ಗೊತ್ತಿರಲಿಲ್ಲ.