ಅತ್ತೆಯವರ ಜೊತೆ ಮೆಟ್ರಿಗೆ ನಡೆದದ್ದು

ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಕೆಲವು ವಾರ ಒಲೆಯ ಮುಂದೆ ನಿಲ್ಲಬಾರದು, ಬಗ್ಗಬಾರದು, ಟಿವಿ ನೋಡುವುದು ಕಡಿಮೆ ಮಾಡಬೇಕು ಅಂದರು. ಈ ಮೂರೂ ಇಲ್ಲದೆ ಅವರಿಗೆ ದಿನ ಹೋಗುವುದಿಲ್ಲ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು, ಅಡುಗೆಮನೆಯಲ್ಲಿ ನಾನು ಒಗ್ಗರಣೆಗೆ ಏನು ಹಾಕಿದೆ, ಏನು ಬಿಟ್ಟೆ ಎಂದು ವಾಸನೆಯಿಂದಲೇ ಹೇಳತೊಡಗಿದರು. ಒಂದೆರಡು ದಿನ ಕೇಳಿಸಿಕೊಂಡೆ. ಆಮೇಲೆ ಒಂದು ಮಧ್ಯಾಹ್ನ ನಾನು ಓದುತ್ತಿದ್ದ ಕಾದಂಬರಿಯನ್ನು ತಂದು, ಗಟ್ಟಿಯಾಗಿ ಓದಲೇ ಎಂದು ಕೇಳಿದೆ. ಅವರನ್ನು ಸುಮ್ಮನಿರಿಸುವುದು ಬಿಟ್ಟರೆ ನನಗೆ ಬೇರೆ ಉದ್ದೇಶ ಇರಲಿಲ್ಲ.

ಗ್ರಂಥಾಲಯದಿಂದ ತಂದ ಅನುವಾದದ ಪುಸ್ತಕ ಅದು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಹೆಂಗಸೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು, ಬೆಟ್ಟದ ಸಾಲಿನ ಮೇಲೆ ತಿಂಗಳುಗಟ್ಟಲೆ ಒಬ್ಬಳೇ ನಡೆಯುವ ಕಥೆ. ಅವಳನ್ನು ಯಾರೂ ಓಡಿಸಿಲ್ಲ, ಹರಕೆಯೂ ಇಲ್ಲ. ನಡೆಯಬೇಕು ಅನ್ನಿಸಿತು, ಹೊರಟಳು, ಅಷ್ಟೆ. ನನಗೆ ಆ ‘ಅಷ್ಟೆ’ ಇಷ್ಟವಾಗಿತ್ತು. ಅತ್ತೆಯವರಿಗೆ ಅದೇ ಅರ್ಥವಾಗಲಿಲ್ಲ.

“ಅಕಿ ಗಂಡ ಎಲ್ಲಿ?”

“ತೀರಿಕೊಂಡಾನ್ರಿ ಅತ್ತಿ.”

“ಮಕ್ಕಳು?”

“ಅವರವರ ಮನ್ಯಾಗ ಅದಾರ.”

“ಹಂಗಾದ್ರ ಹೋಗ್ಲಿ ಬಿಡು. ಮುಂದ ಓದು.”

ಮುಂದೆ ಪ್ರತಿ ಮಧ್ಯಾಹ್ನ ಓದಿದೆ. ಅವರು ನಡುವೆ ನಿಲ್ಲಿಸಿ ಜಗಳ ತೆಗೆಯುತ್ತಿದ್ದರು. ಅಷ್ಟೊಂದು ಸಾಮಾನು ಯಾಕೆ ಹೊತ್ತಳು, ಮಳೆಯಲ್ಲಿ ಸೌದೆ ಹೇಗೆ ಹೊತ್ತಿಸಿದಳು, ಬಹಿರ್ದೆಸೆಗೆ ಎಲ್ಲಿ ಹೋದಳು, ಇದನ್ನೆಲ್ಲ ಪುಸ್ತಕದಲ್ಲಿ ಯಾಕೆ ಬರೆದಿಲ್ಲ? ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಉಪ್ಪು, ಹುಳಿ, ನೆಂಟರು, ಹಬ್ಬ ಬಿಟ್ಟು ಬೇರೆ ವಿಷಯ ಇಷ್ಟು ಹೊತ್ತು ಮಾತಾಡಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಹಿಮ ಬಿದ್ದು ದಾರಿ ಮುಚ್ಚಿ, ಆ ಹೆಂಗಸು ಕಡೆಯ ಶಿಖರ ಮುಟ್ಟದೆ ಸಮಾಧಾನದಿಂದಲೇ ಮನೆಗೆ ಮರಳುತ್ತಾಳೆ. ಅತ್ತೆಯವರಿಗೆ ಸಿಟ್ಟು ಬಂತು.

“ಇದೆಂಥ ಕತಿ? ಅಷ್ಟು ದೂರ ಹೋಗಿ ತಿರುಗಿ ಬರೋದಂದ್ರೇನು?”

ಪುಸ್ತಕ ಮುಗಿದ ಮರುದಿನ ಅವರು, “ಬಾ, ಕಾಲುವಿ ತನಕ ಹೋಗಿ ಬರೋಣ” ಅಂದರು. ಕಾಲುವೆಯ ದಂಡೆಯ ಮೇಲೆ ಸ್ವಲ್ಪ ದೂರ ನಡೆದು ಬಂದೆವು. ಅದೇ ರೂಢಿಯಾಯಿತು. ಕಣ್ಣು ವಾಸಿಯಾದ ಮೇಲೆ ಒಂದು ರವಿವಾರ ಹಂಪಿಗೆ ಹೋಗಿ, ಗುಡಿಯ ಬಾಗಿಲಿನಿಂದ ಹೊಳೆಯ ಪಕ್ಕದ ಕಲ್ಲುದಾರಿ ಹಿಡಿದು ನಡೆದೆವು. ಎದುರಿಗೆ ದೊಡ್ಡ ಚೀಲ ಹೊತ್ತ ವಿದೇಶಿ ಹುಡುಗಿ ಬಂದಾಗ ಅತ್ತೆಯವರು ನಿಂತು, ಅವಳ ಚೀಲವನ್ನು ಕೆಳಗಿನಿಂದ ಕೈಯಲ್ಲಿ ಎತ್ತಿ ತೂಕ ನೋಡಿದರು. “ಭಾಳ ಆತು ಇದು” ಎಂದು ಅವಳಿಗೇ ಹೇಳಿದರು. ಅವಳು ನಕ್ಕು ಕೈಮುಗಿದಳು.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆಯವರು, ತಾವು ಮೆಟ್ರಿಗೆ ನಡೆದುಕೊಂಡು ಹೋಗುವುದಾಗಿ ಹೇಳಿದರು. ಮೆಟ್ರಿ ಅವರ ತವರು, ಕಂಪ್ಲಿಯ ಆಚೆ. ನನ್ನ ಗಂಡ ಬಜಾರಿನಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ ಇಟ್ಟುಕೊಂಡಿದ್ದಾರೆ. ಆ ಕಡೆಯ ರೈತರೆಲ್ಲ ಅವರಿಗೆ ಗಿರಾಕಿಗಳು.

“ಅವ್ವ, ಮನಿ ಮುಂದ ಕಾರ್ ಐತಿ. ಮಂದಿ ಏನಂತಾರ?”

“ನಡಕೊಂಡ್ ಹೊಂಟಾಳ ಅಂತಾರ. ಮತ್ತೇನಂತಾರ?”

ಕಾದಂಬರಿಯ ಹೆಂಗಸಿನಂತೆ ಡೇರೆಯಲ್ಲಿ ಮಲಗುವುದು ಆಗದ ಮಾತು. ಉಪಾಯ ಅವರೇ ಹುಡುಕಿದರು. ಪ್ರತಿ ರವಿವಾರ ಆಗುವಷ್ಟು ನಡೆಯುವುದು, ಬಸ್ಸು ಹತ್ತಿ ಮನೆಗೆ ಬರುವುದು, ಮುಂದಿನ ರವಿವಾರ ಬಸ್ಸಿನಲ್ಲಿ ಅದೇ ಜಾಗಕ್ಕೆ ಹೋಗಿ ಇಳಿದು ಅಲ್ಲಿಂದ ಮುಂದೆ ಹೊರಡುವುದು. ಬಜಾರಿಗೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತಂದೆವು. ಇಳಕಲ್ ಸೀರೆಯ ಕೆಳಗೆ ಆ ಬೂಟು ನೋಡಿ ನನ್ನ ಗಂಡ ಒಳಗೆ ಎದ್ದು ಹೋದರು.

ಮೊದಲ ರವಿವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ನೀರು ಹಿಡಿದು ಹೊರಟೆವು. ಮಲಪನಗುಡಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಬಸ್ಸುಗಳು ನಮ್ಮನ್ನು ಕಂಡು ತಾವಾಗಿಯೇ ನಿಲ್ಲುತ್ತಿದ್ದವು. ಬೇಡವೆಂದು ಕೈಬೀಸಿ ಕಳಿಸುವುದೇ ಒಂದು ಕೆಲಸವಾಯಿತು. ಕಮಲಾಪುರದ ಕೆರೆಯ ಏರಿಯ ಮೇಲೆ ಬಂದಾಗ ಅತ್ತೆಯವರು ನೆರಳು ನೋಡಿ ಕುಳಿತರು. ಬೂಟು ಬಿಚ್ಚಿ, ಪಾದ ತಿಕ್ಕಿಕೊಳ್ಳುತ್ತ, ನೀರಿನ ಕಡೆ ನೋಡುತ್ತ ಹೇಳಿದರು:

“ಇಲ್ಲಿ ತನಕ ಒಮ್ಮೆ ಬಂದಿದ್ನಿ.”

“ಎಷ್ಟೊಂದ್ ಸಲ ಬಂದೀರಲ್ಲ ಅತ್ತಿ.”

“ನಡಕೊಂಡು. ನಿನ್ನ ಗಂಡ ಆಗ ಬಗಲಾಗಿದ್ದ. ಮನ್ಯಾಗ ಮಾತಿಗೆ ಮಾತು ಬೆಳೀತು. ಯಾರಿಗೂ ಹೇಳಲಿಲ್ಲ, ಕೂಸಿನ್ನ ಎತ್ಕೊಂಡು ಮೆಟ್ರಿಗೆ ಹೊಂಟ್ಬಿಟ್ಟೆ.”

ಇಲ್ಲಿಗೆ ಬರುವಷ್ಟರಲ್ಲಿ ಮಗು ಹಸಿವಿಗೆ ಅಳತೊಡಗಿತ್ತಂತೆ. ಇದೇ ಏರಿಯ ಮೇಲೆ ಕುಳಿತು ಹಾಲು ಕುಡಿಸುವಾಗ, ಹೊಸಪೇಟೆಯ ಪರಿಚಯದವರ ಚಕ್ಕಡಿ ಗಾಡಿ ಬಂತಂತೆ. ಹಂಪಿಗೆ ಕೈಮುಗಿಯಲು ಹೋಗಿದ್ದೆ ಎಂದು ಸುಳ್ಳು ಹೇಳಿ ಚಕ್ಕಡಿ ಹತ್ತಿ ಹೊಸಪೇಟೆಗೆ ಮರಳಿದರಂತೆ. ಮನೆಯಲ್ಲಿಯೂ ಅದನ್ನೇ ನಂಬಿದರು. ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ, ಕಾರಿನಲ್ಲಿ ತವರಿಗೆ ಹೋಗಿ ಬಂದಿದ್ದಾರೆ. ಆದರೂ ಈ ಜಾಗ ದಾಟುವಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರಂತೆ.

“ಯಾರಿಗೂ ಹೇಳಿರಲಿಲ್ಲೇನ್ರಿ?”

“ಕೇಳಿದೋರ್ಯಾರು?”

ರೊಟ್ಟಿ ಬಿಚ್ಚಿ ಕೊಟ್ಟೆ. ಇಷ್ಟು ವರ್ಷ ನಾನು ಹೆದರಿಕೊಂಡೇ ಬಾಳಿದ ಈ ಹೆಂಗಸು ಒಂದು ಕಾಲದಲ್ಲಿ ನನಗಿಂತ ಚಿಕ್ಕವಳಾಗಿ, ಬಗಲಲ್ಲಿ ಕೂಸು ಹೊತ್ತು ಈ ಏರಿಯ ಮೇಲೆ ದಿಕ್ಕು ತೋಚದೆ ಕುಳಿತಿದ್ದಳು ಎಂಬುದು ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು. ಮಧ್ಯಾಹ್ನದ ಬಸ್ಸಿನಲ್ಲಿ ಮನೆಗೆ ಬಂದೆವು.

ಮುಂದಿನ ರವಿವಾರಗಳಲ್ಲಿ ಬುಕ್ಕಸಾಗರದ ಬಾಳೆತೋಟಗಳ ಪಕ್ಕ ನಡೆದೆವು. ಬಸ್ಸಿನ ಕಂಡಕ್ಟರು ನಮ್ಮನ್ನು ಗುರುತು ಹಿಡಿದು, “ಇವತ್ತು ಎಲ್ಲಿ ತನಕ ಬಂದ್ರಿ ಅಮ್ಮಾರೇ?” ಎಂದು ಕೇಳುತ್ತಿದ್ದ. ರಾಮಸಾಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ರಸ್ತೆಯಿಂದ ಕೆಳಗಿಳಿದಾಗ ಅತ್ತೆಯವರ ಕಾಲು ಉಳುಕಿತು. ನೋಡನೋಡುತ್ತ ಊದಿಕೊಂಡಿತು. ಟ್ರ್ಯಾಕ್ಟರಿನವನೇ ಆಟೋ ಹತ್ತಿಸಿ ಕಂಪ್ಲಿಯ ಆಸ್ಪತ್ರೆಗೆ ಕಳಿಸಿದ. ಮೂಳೆಗೆ ಏನೂ ಆಗಿರಲಿಲ್ಲ. ನನ್ನ ಗಂಡ ಕಾರು ತಂದು ನಮ್ಮನ್ನು ಕರೆದುಕೊಂಡು ಹೋದರು. ಮನೆ ಮುಟ್ಟಿದ ಮೇಲೆ ನನಗೆ ಅಂದರು: “ಅಕಿಗೆ ವಯಸ್ಸಾಗೇತಿ. ನಿನಗರ ತಿಳೀಬೇಕಿತ್ತು. ಸಾಕಿನ್ನ.”

ಕಾಲಿಗೆ ಪಟ್ಟಿ ಸುತ್ತಿಕೊಂಡು ಅತ್ತೆಯವರು ಮತ್ತೆ ಪಡಸಾಲೆಗೆ ಬಂದರು. ಮುಂದಿನ ರವಿವಾರ ಬೆಳಿಗ್ಗೆ ನನಗೆ ಮನೆಯೊಳಗೆ ನಿಲ್ಲಲಾಗಲಿಲ್ಲ. ಕೆಲಸ ಮುಗಿದಿತ್ತು, ಆದರೂ ಕಾಲು ಬಾಗಿಲ ಕಡೆಗೇ ಹೋಗುತ್ತಿತ್ತು. ಅತ್ತೆಯವರು ಅದನ್ನು ನೋಡಿ, “ನೀನರ ಹೋಗಿ ಬಾ” ಅಂದರು. ಒಬ್ಬಳೇ ಕಾಲುವೆಯ ದಂಡೆ ಹಿಡಿದೆ. ಸಂತೆಗಲ್ಲ, ಗುಡಿಗಲ್ಲ, ಯಾರ ಮನೆಗೂ ಅಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, “ಎಲ್ಲಿಗೆ ಹೊಂಟೀರಿ ಅಕ್ಕಾರ?” ಅಂದಳು.

“ಸುಮ್ನ” ಅಂದೆ. ಅಂದ ಮೇಲೆ ಮೈಯೆಲ್ಲ ಹಗುರಾಯಿತು. ಅವಳು ಅದರಲ್ಲಿ ವಿಶೇಷ ಏನೂ ಕಾಣದೆ ಬಟ್ಟೆ ಹಿಂಡುವುದನ್ನು ಮುಂದುವರಿಸಿದಳು.

ಸಂಕ್ರಾಂತಿ ಕಳೆದ ಮೇಲೆ ಅತ್ತೆಯವರು ಬೂಟು ಹೊರಗೆ ತೆಗೆದರು. ಮಗ ಬೇಡವೆಂದರೂ ಕೇಳಲಿಲ್ಲ. ಕಾಲು ಉಳುಕಿದ ಜಾಗದಿಂದಲೇ ಹೊರಡಬೇಕು, ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ನನ್ನ ಗಂಡನೇ ಕಾರಿನಲ್ಲಿ ರಾಮಸಾಗರಕ್ಕೆ ಬಿಡಲು ಬಂದರು. ಬಿಟ್ಟವರು ಹಿಂದಕ್ಕೆ ಹೋಗಲಿಲ್ಲ. ಕಾರನ್ನು ಬದಿಗೆ ಹಚ್ಚಿ, ಚಪ್ಪಲಿಯಲ್ಲೇ, ಗಿರಾಕಿಯ ಜೊತೆ ಫೋನಿನಲ್ಲಿ ಮಾತಾಡುತ್ತ ನಮ್ಮ ಹಿಂದೆ ಬಂದರು. ಸ್ವಲ್ಪ ದೂರ ಹೋದ ಮೇಲೆ ಫೋನು ಜೇಬಿಗೆ ಹೋಯಿತು. ಅತ್ತೆಯವರು ತಿರುಗಿ ನೋಡಿ, “ನೀನು ಕೂಸಿದ್ದಾಗ ಇದಕ್ಕಿಂತ ಹಗೂರಿದ್ದಿ” ಅಂದರು. ನನ್ನ ಗಂಡನಿಗೆ ಅದು ಅರ್ಥವಾಗಲಿಲ್ಲ. ನಾನು ನಕ್ಕಿದ್ದು ಯಾಕೆಂದೂ ಅರ್ಥವಾಗಲಿಲ್ಲ. ಕಂಪ್ಲಿ ಮುಟ್ಟಿ ಮಿರ್ಚಿ ಮಂಡಕ್ಕಿ ತಿಂದ ನನ್ನ ಗಂಡ, ಕಾಲು ನೋವೆಂದು ವಾರವಿಡೀ ನರಳಿದರು.

ಕಡೆಯ ರವಿವಾರ ಮತ್ತೆ ನಾವಿಬ್ಬರೇ. ಕಂಪ್ಲಿಯಿಂದ ಹೊರಟು, ಹೊಸದಾಗಿ ನಾಟಿ ಹಾಕಿದ ಗದ್ದೆಗಳ ನಡುವೆ ನಡೆದೆವು. ನಿಂತು ನಿಂತು ಹೋಗಬೇಕಾಯಿತು. ಅವರ ಕಾಲು ಪೂರ್ತಿ ವಾಸಿಯಾಗಿರಲಿಲ್ಲ. ಊರು ಕಾಣುತ್ತಲೇ ಅವರು ಕಾಲುವೆಯ ಪಕ್ಕ ಕುಳಿತು ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. “ತವರಿಗೆ ಬೂಟ್ ಹಾಕ್ಕೊಂಡು ಹೋಗಾಕ ಬರ್ತದೇನು?” ಪಾದ ತೊಳೆದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬರಿಗಾಲಲ್ಲಿ ಊರೊಳಗೆ ನಡೆದರು. ನಾನು ಬೂಟು ಹಿಡಿದು ಹಿಂದೆ ಹೋದೆ.

ಮನೆಯ ಮುಂದೆ ಅವರ ತಮ್ಮನ ಹೆಂಡತಿ ಕಾಳು ಹಸನು ಮಾಡುತ್ತಿದ್ದರು. ನಮ್ಮ ಅವತಾರ ನೋಡಿ ಗಾಬರಿಯಾದರು.

“ಯಾಕ್ರಿ ಅಕ್ಕಾರ, ಬಸ್ ಕೆಟ್ಟಿತ್ತೇನು?”

“ಇಲ್ಲ. ನಡಕೊಂಡ್ ಬಂದ್ನಿ.”

“ಎಲ್ಲಿಂದ?”

“ಹೊಸಪೇಟಿಯಿಂದ.”

ಅವರು ಒಮ್ಮೆ ಅತ್ತೆಯವರನ್ನು, ಒಮ್ಮೆ ನನ್ನ ಕೈಯಲ್ಲಿದ್ದ ಬೂಟನ್ನು ನೋಡಿದರು. “ಮೊದಲ ಒಳಗ ಬಂದು ಕುಂದ್ರಿ” ಎಂದು ನೀರು ತರಲು ಓಡಿದರು. ಅತ್ತೆಯವರು ಜಗಲಿಯ ಕಂಬಕ್ಕೆ ಒರಗಿ ಕುಳಿತು ಅತ್ತರು. ಹೆಚ್ಚು ಹೊತ್ತಲ್ಲ. ಮುಖ ಒರೆಸಿಕೊಂಡು, ಕಾಳಿನ ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಸರಿಯಾಗಿ ಹಸನಾಗಿಲ್ಲ ಎಂದು ತಪ್ಪು ತೆಗೆದರು. ಊಟವಾದ ಮೇಲೆ ಸಂಜೆಯ ತನಕ ಮಲಗಿದರು. ಬಸ್ಸಿನಲ್ಲಿ ವಾಪಸು ಬರುವಾಗ ಕಮಲಾಪುರದ ಕೆರೆ ಬಂತು. ಅವರು ನನ್ನ ಭುಜದ ಮೇಲೆ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ.

ಈ ಮಳೆಗಾಲದಲ್ಲಿ ನನ್ನ ತವರು ಸಂಡೂರಿಗೆ ಹೋಗಿದ್ದೆ. ಮನೆಯ ಹಿಂದೆಯೇ ಬೆಟ್ಟ. ಚಿಕ್ಕಂದಿನಲ್ಲಿ ಹೆಣ್ಣುಮಕ್ಕಳನ್ನು ಅತ್ತ ಕಳಿಸುತ್ತಿರಲಿಲ್ಲ. ನಾವು ಕಂಡದ್ದು ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳು ಮಾತ್ರ. ತಂಗಿಯನ್ನು ಕರೆದುಕೊಂಡು ಹತ್ತಿದೆ. ಅರ್ಧಕ್ಕೆ ಮಳೆ ಬಂತು, ಇಬ್ಬರೂ ತೊಯ್ದು ತೊಪ್ಪೆಯಾದೆವು, ಆದರೂ ಮೇಲೆ ಹೋಗಿಯೇ ಇಳಿದೆವು. ಅತ್ತೆಯವರಿಗೆ ಫೋನು ಮಾಡಿ ಹೇಳಿದೆ. ಜಾರಲಿಲ್ಲ ತಾನೆ ಎಂದು ಕೇಳಿದರು. ಆಮೇಲೆ, ಮಳೆಗಾಲ ಮುಗಿದ ಮೇಲೆ ತಾವೂ ಆ ಬೆಟ್ಟಕ್ಕೆ ಬರುವುದಾಗಿ ಹೇಳಿದರು. ರಸ್ತೆ ಇರುವ ತನಕ ಕಾರಿನಲ್ಲಿ, ಅಲ್ಲಿಂದ ಮುಂದೆ ಕಾಲಿಗೆ ಎಷ್ಟಾಗುತ್ತದೋ ಅಷ್ಟು.