ಇಂದುಕಲಾಳ ಹೊಸ ಮುಖ, ಅತ್ತೆಯ ಹೊಸ ಕಣ್ಣು

ಮಧುಗಿರಿಯಲ್ಲಿ ಕೂತು ಸುತ್ತಲಿನ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುವ ನಾನು ಬೆಳಿಗ್ಗೆ ಎದ್ದು ಮೊದಲು ಓದುವುದು ನನ್ನ ಪತ್ರಿಕೆಯನ್ನಲ್ಲ. ಮೊಬೈಲು ತೆರೆದು, ಯಾವ ಧಾರಾವಾಹಿಯಿಂದ ಯಾರು ಹೊರಬಿದ್ದರು, ಆ ಜಾಗಕ್ಕೆ ಯಾರು ಬಂದರು, ಖಳನಾಯಕಿಯ ತಮ್ಮನ ಪಾತ್ರಕ್ಕೆ ಇನ್ನೂ ಯಾರೂ ಏಕೆ ಸಿಕ್ಕಿಲ್ಲ, ಇಷ್ಟನ್ನೂ ತಿಳಿದುಕೊಂಡ ಮೇಲೆಯೇ ನನಗೆ ಕಾಫಿ ರುಚಿಸುವುದು. ಈ ಚಟ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ತಹಸೀಲ್ದಾರರ ಸಭೆಯಲ್ಲಿ ನಾನು ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದರೆ, ಬೆಂಗಳೂರಿನಿಂದ ಏನೋ ದೊಡ್ಡ ಸುದ್ದಿ ಬಂದಿದೆ ಎಂದು ಪಕ್ಕದವರು ಗೌರವದಿಂದ ಸುಮ್ಮನಿರುತ್ತಾರೆ.

ವೃತ್ತಿಯ ದೃಷ್ಟಿಯಿಂದ ನೋಡಿದರೆ ಇದರಷ್ಟು ಕಳಪೆ ಸುದ್ದಿ ಇನ್ನೊಂದಿಲ್ಲ. ಎಲ್ಲವೂ 'ಎನ್ನಲಾಗಿದೆ', ಎಲ್ಲವೂ 'ಆಪ್ತ ಮೂಲಗಳು ತಿಳಿಸಿವೆ'. ಎರಡು ಕಡೆಯಿಂದ ಖಾತ್ರಿಯಾಗದೆ ಒಂದು ಸಾಲನ್ನೂ ಬರೆಯಬಾರದೆಂದು ನನಗೆ ಕಲಿಸಿದ ಹಿರಿಯ ಉಪಸಂಪಾದಕರು ಈ ಸುದ್ದಿಗಳನ್ನು ನೋಡಿದ್ದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎದ್ದುಹೋಗುತ್ತಿದ್ದರು. ಆದರೂ ಓದುತ್ತೇನೆ. ಬಹುಶಃ ಅದಕ್ಕೇ ಓದುತ್ತೇನೆ. ದಿನವಿಡೀ ಖಾತ್ರಿಯಾದುದನ್ನೇ ಬರೆಯುವವನಿಗೆ ಬೆಳಿಗ್ಗೆ ಹತ್ತು ನಿಮಿಷ ಖಾತ್ರಿಯಿಲ್ಲದ್ದು ಬೇಕಾಗುತ್ತದೆ.

ಧಾರಾವಾಹಿಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಮುಖ ಬದಲಾಗುವ ದಿನ. ಶನಿವಾರ ಕಣ್ಣೀರಿಡುತ್ತ ಬಾಗಿಲು ಹಾಕಿಕೊಂಡ ನಾಯಕಿ ಸೋಮವಾರ ಬಾಗಿಲು ತೆಗೆದಾಗ ಬೇರೆಯೇ ಹೆಂಗಸು. ಅದೇ ಸೀರೆ, ಅದೇ ತಾಳಿ, ಅದೇ ಕಣ್ಣೀರು. ಮನೆಯಲ್ಲಿ ಅತ್ತೆ, ಮಾವ, ನಾದಿನಿ, ಅಡುಗೆಯವಳು ಎಲ್ಲರೂ ಇದ್ದಾರೆ; ಒಬ್ಬರಿಗೂ ಅನುಮಾನವಿಲ್ಲ. ಕಟ್ಟಿಕೊಂಡ ಗಂಡನೂ 'ಊಟ ಮಾಡಿದೆಯಾ' ಎಂದು ಕೇಳಿ ಆಫೀಸಿಗೆ ಹೋಗುತ್ತಾನೆ. ಇದೊಂದು ಅದ್ಭುತವೆಂದು ಒಮ್ಮೆ ನನ್ನ ಹೆಂಡತಿ ಸುಜಾತಳಿಗೆ ಹೇಳಿದೆ. ಅವಳು ಹುರಳಿಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅದ್ಭುತ ಏನೈತೆ ಅದ್ರಾಗೆ? ಗಂಡಂದಿರು ಮುಖ ನೋಡಿದ್ರೆ ತಾನೆ ಬದಲಾಗಿರೋದು ಗೊತ್ತಾಗೋದು" ಅಂದಳು.

ಟೀವಿ ಬರುವ ಮೊದಲೂ ನಮ್ಮ ಕಡೆಯವರಿಗೆ ಇದು ಹೊಸದಾಗಿರಲಿಲ್ಲ. ನಮ್ಮೂರುಗಳ ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚಲು ಆಸೆಪಡುವವರು ಹೆಚ್ಚು, ಪಾತ್ರಗಳು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ದೇವರ ಪಾತ್ರವನ್ನು ಮೂರು ತುಂಡು ಮಾಡಿ ಮೂವರಿಗೆ ಹಂಚುತ್ತಿದ್ದರು. ಮೊದಲ ದೃಶ್ಯದಲ್ಲಿ ಕೋಲಿನಂತಿದ್ದ ದೇವರು ಎರಡನೆಯದರಲ್ಲಿ ಹೊಟ್ಟೆ ಬಿಟ್ಟುಕೊಂಡು ಬರುತ್ತಿದ್ದ. ಕೊನೆಗೆ ಕನ್ನಡಕ ತೆಗೆಯಲು ಮರೆತು ಬಂದದ್ದೂ ಉಂಟು. ಜನ ಕೈಮುಗಿಯುವುದನ್ನು ನಿಲ್ಲಿಸಲಿಲ್ಲ. ನಾನೂ ಒಂದು ನಾಟಕದಲ್ಲಿ ಬಾಗಿಲ ಭಟನಾಗಿದ್ದೆ. ಅದನ್ನೂ ಇಬ್ಬರಿಗೆ ಹಂಚಿದ್ದರಿಂದ ನನ್ನ ಪಾಲಿಗೆ ಬಂದದ್ದು ಎಡಗಡೆಯ ಬಾಗಿಲು ಮಾತ್ರ.

ಇನ್ನು 'ಮಹಾಸಂಗಮ'. ಒಂದು ಧಾರಾವಾಹಿಯ ಮನೆಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಧಾರಾವಾಹಿಯ ಮದುವೆಗೆ ಬರುವ ವಾರ. ಏಳು ಗಂಟೆಯ ಕಥೆಯ ಇಂದುಕಲಾ ಏಳೂವರೆಯ ಕಥೆಯ ವಾರಿಜಾಳಿಗೆ ಬಾಲ್ಯದ ಗೆಳತಿ ಎಂಬ ಸಂಗತಿ ನಮಗೆ ಒಂದು ಸೋಮವಾರ ತಿಳಿಯುತ್ತದೆ. ಅಲ್ಲಿಯವರೆಗೆ ಬೇರೆ ಬೇರೆ ಲೋಕಗಳೆಂದುಕೊಂಡಿದ್ದ ಎರಡು ಮನೆಗಳು ಒಂದೇ ಊರಿನಲ್ಲಿವೆ, ಬಹುಶಃ ಒಂದೇ ಹಾಲಿನವನು ಬರುತ್ತಾನೆ. ಇದು ಅಸಂಭವ ಎನ್ನುವವರು ತಾಲ್ಲೂಕು ವರದಿಗಾರಿಕೆ ಮಾಡಿಲ್ಲ. ಕೊರಟಗೆರೆಯಲ್ಲಿ ರಸ್ತೆಗಾಗಿ ಅರ್ಜಿ ಕೊಟ್ಟವರು ಶಿರಾದ ಮದುವೆಯಲ್ಲಿ ಹೆಣ್ಣಿನ ಸೋದರಮಾವನಾಗಿ ಸಿಗುತ್ತಾರೆ. ಹುಲಿಕುಂಟೆಯ ಕುರಿಸಂತೆಯಲ್ಲಿ ಚೌಕಾಸಿ ಮಾಡುತ್ತಿದ್ದವರು ಪಾವಗಡದ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾರೆ. ನನ್ನ ನಾಲ್ಕು ತಾಲ್ಲೂಕಿನಲ್ಲಿ ಪ್ರತಿ ವಾರವೂ ಮಹಾಸಂಗಮವೇ.

ಹೋದ ವರ್ಷ ನಮ್ಮ ಮನೆಯಲ್ಲೂ ಒಂದು ನಡೆಯಿತು.

ಸುಜಾತಳ ತಾಯಿ ಲಕ್ಷ್ಮೀದೇವಮ್ಮನವರು, ಅಂದರೆ ನನ್ನ ಅತ್ತೆ, ಪಾವಗಡದಾಚೆ ರಾಯಚರ್ಲಿನಲ್ಲಿ ಮಗನ ಸಂಸಾರದೊಂದಿಗೆ ಇರುವವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಿರಾದಲ್ಲಿ ನನಗೆ ಪರಿಚಯದ ಕಣ್ಣಿನ ಡಾಕ್ಟರೊಬ್ಬರಿದ್ದರು. ಮೊದಲು ಬಲಗಣ್ಣು, ತಿಂಗಳ ಮೇಲೆ ಎಡಗಣ್ಣು ಎಂದು ನಿಗದಿಯಾಗಿ, ಅತ್ತೆ ಮಧುಗಿರಿಗೆ ಬಂದು ನಮ್ಮಲ್ಲಿ ಉಳಿದರು. ಎಡಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಅದನ್ನು ಮಾತ್ರ ಮುಂದೂಡುವಂತಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅತ್ತೆ ಹಳೆಯ ಪದ್ಧತಿಯವರು. ಅಳಿಯನ ಎದುರು ಕೂರುವುದಿಲ್ಲ, ಅಳಿಯನೊಂದಿಗೆ ನೇರ ಮಾತಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ್ದೆಲ್ಲ ಮಗಳ ಮೂಲಕವೇ. ನಾನು ಮೂರಡಿ ದೂರದಲ್ಲಿದ್ದರೂ "ಸುಜಾತಾ, ಅಲ್ಲುಡುಗಾರು ಇನ್ನೊಂದು ಮುದ್ದೆ ಹಾಕಿಸ್ಕಂತಾರಾ ಕೇಳು" ಎನ್ನುತ್ತಾರೆ. ಅಲ್ಲುಡುಗಾರು ಎಂದರೆ ತೆಲುಗಿನಲ್ಲಿ ಅಳಿಯಂದಿರು. ಸಾಕೆಂದು ನಾನು ಸುಜಾತಳಿಗೆ ಹೇಳುತ್ತೇನೆ, ಅವಳು ಅಮ್ಮನಿಗೆ ಹೇಳುತ್ತಾಳೆ, ಅಷ್ಟರಲ್ಲಿ ಮುದ್ದೆ ತಟ್ಟೆಗೆ ಬಿದ್ದಿರುತ್ತದೆ.

ಏಳು ಗಂಟೆಗೆ ನಾನು ಕುರ್ಚಿಯಲ್ಲಿ, ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ. ಇಬ್ಬರೂ ಒಂದೇ ಧಾರಾವಾಹಿಯ ಅಭಿಮಾನಿಗಳು. ಇಂದುಕಲಾಳ ಭವಿಷ್ಯದ ಬಗ್ಗೆ ಇಬ್ಬರಿಗೂ ಸ್ಪಷ್ಟ ಅಭಿಪ್ರಾಯಗಳಿದ್ದವು. ಹಂಚಿಕೊಳ್ಳಲು ದಾರಿಯಿರಲಿಲ್ಲ.

ಬಲಗಣ್ಣಿನ ಆಪರೇಷನ್ ಸಲೀಸಾಗಿ ಆಯಿತು. ಡಾಕ್ಟರು ಕಣ್ಣಿಗೆ ಆಯಾಸವಾಗದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದ್ದರು. ಸುಜಾತ ಅದನ್ನು ಒಂದು ವಾರ ಟೀವಿಯ ಪ್ಲಗ್ಗೇ ಕಿತ್ತಿಡಬೇಕೆಂದು ಅರ್ಥಮಾಡಿಕೊಂಡಳು. ಆ ವಾರವೇ ನನ್ನ ಮೊಬೈಲಿಗೆ ಸುದ್ದಿ ಬಂತು: ಇಂದುಕಲಾ ಪಾತ್ರದ ನಟಿ ಹೊರನಡೆದಿದ್ದಾರೆ ಎನ್ನಲಾಗಿದೆ. ಒಂದೇ ಮೂಲ. ವಾಹಿನಿಯವರ ಹೇಳಿಕೆಯಿಲ್ಲ, ನಟಿಯ ಹೇಳಿಕೆಯಿಲ್ಲ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿರುವ ಹಿರಿಯರಿಗೆ ಖಾತ್ರಿಯಿಲ್ಲದ ಸುದ್ದಿ ಹೇಳಿ ನೋಯಿಸುವುದು ಸರಿಯಲ್ಲವೆಂದು ತಡೆಹಿಡಿದೆ. ನನ್ನ ವೃತ್ತಿಶಿಸ್ತಿನ ಬಗ್ಗೆ ನನಗೇ ಸಣ್ಣ ಹೆಮ್ಮೆಯಾಯಿತು.

ಸೋಮವಾರ ಟೀವಿ ಮತ್ತೆ ಶುರುವಾಯಿತು. ಮಿಡಿಗೇಶಿಯ ಹತ್ತಿರ ಚಿರತೆ ಹೆಜ್ಜೆ ಕಂಡಿದೆ ಎಂದು ಯಾರೋ ಫೋನು ಮಾಡಿದ್ದರಿಂದ ನಾನು ಅಲ್ಲಿಗೆ ಹೋಗಿದ್ದೆ. ಹೆಜ್ಜೆ ನಾಯಿಯದೆಂದು ಖಾತ್ರಿಪಡಿಸಿಕೊಂಡು ಮನೆಗೆ ಬಂದಾಗ ಧಾರಾವಾಹಿ ಮುಗಿದಿತ್ತು. ಸುಜಾತ ಮುದ್ದೆ ತೊಳಸುತ್ತಿದ್ದುದರಿಂದ ಅತ್ತೆ ಒಬ್ಬರೇ ನೋಡಿದ್ದರು. ಊಟದ ಹೊತ್ತಿನಲ್ಲಿ ಗೋಡೆಯ ಕಡೆ ತಿರುಗಿ ಹೇಳಿದರು: "ಸುಜಾತಾ, ನಂಗೆ ಇನ್ನೊಂದು ಕಣ್ಣು ವದ್ದಮ್ಮ. ಬ್ಯಾಡ. ಒಂದಾಯ್ತಲ್ಲ, ಸಾಕು. ನಾಳೆ ಬಸ್ಸಿಗೆ ಊರಿಗೆ ಹೋಗ್ತೀನಿ."

ಕಾರಣ ಹೇಳಲಿಲ್ಲ. ಬೆಳಿಗ್ಗೆ ಸುಜಾತ ಅಡುಗೆಮನೆಯಲ್ಲಿ ಅರ್ಧ ಗಂಟೆ ಕಾಡಿದ ಮೇಲೆ ಬಾಯಿ ಬಿಟ್ಟರು. ಸುಜಾತ ನಡುಮನೆಗೆ ಬಂದು ದನಿ ತಗ್ಗಿಸಿ ಹೇಳಿದಳು: "ಲೆನ್ಸು ತಪ್ಪು ಹಾಕ್ಬುಟ್ಟವ್ರಂತೆ. ಹೊಸ ಕಣ್ಣಾಗೆ ಇಂದುಕಲಾ ಬ್ಯಾರೆ ಯಾರೋ ಕಾಣ್ತಾಳಂತೆ. ಡಾಕ್ಟ್ರು ನಿಮ್ ಪರಿಚಯದೋರು, ನಿಮ್ಗೆ ಬೇಜಾರಾಗ್ತದೆ ಅಂತ ಹೇಳಿರ್ಲಿಲ್ಲ."

ಅತ್ತೆ ಪರೀಕ್ಷೆ ಮಾಡದೆ ಈ ತೀರ್ಮಾನಕ್ಕೆ ಬಂದಿರಲಿಲ್ಲ. ಬಲಗಣ್ಣು ಮುಚ್ಚಿ ಹಳೆಯ ಎಡಗಣ್ಣಿನಲ್ಲಿ ನೋಡಿದ್ದರು: ಮಂಜಿನೊಳಗೆ ಅದೇ ಹಸಿರು ಸೀರೆ, ಅದೇ ಜಡೆ, ತಮ್ಮ ಇಂದುಕಲಾಳೇ. ಕಣ್ಣು ಮುಚ್ಚಿ ಕಿವಿಗೊಟ್ಟಿದ್ದರು: ಅದೇ ದನಿ. ನಟಿ ಬದಲಾದರೂ ದನಿ ಕೊಡುವ ಕಲಾವಿದೆ ಬದಲಾಗಿರಲಿಲ್ಲ. ಎಡಗಣ್ಣು ಮತ್ತು ಕಿವಿ ಒಂದು ಹೇಳುತ್ತಿವೆ, ಬಲಗಣ್ಣು ಒಂದೇ ಬೇರೆ ಹೇಳುತ್ತಿದೆ. ಎರಡು ಮೂಲಗಳು ಒಪ್ಪಿದ್ದನ್ನು ಅವರು ನಂಬಿದರು. ನನ್ನ ಹಿರಿಯ ಉಪಸಂಪಾದಕರೂ ಅದನ್ನೇ ಮಾಡುತ್ತಿದ್ದರು. ಮೂವತ್ತು ಸಾಲಿನ ಸುದ್ದಿ ಬರೆದು, ಮರುದಿನ ತಿದ್ದುಪಡಿ ಹಾಕುತ್ತಿದ್ದರು.

"ಲೆನ್ಸು ಸರಿಯಾಗಿದೆ. ನಟಿ ಬದಲಾಗಿದ್ದಾಳೆ" ಎಂದೆ. "ಹೋದ ವಾರವೇ ಸುದ್ದಿ ಬಂದಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಗೊತ್ತಿರಲಿಲ್ಲ. ಖಾತ್ರಿಯಾಗಿರಲಿಲ್ಲ. ಇವತ್ತು ಬೆಳಿಗ್ಗೆ ಖಾತ್ರಿಯಾಯಿತು."

"ನಿಮ್ಗೆ ಖಾತ್ರಿ ಆಗೋ ಹೊತ್ಗೆ ನಮ್ಮಮ್ಮ ರಾಯಚರ್ಲಲ್ಲಿ ಒಂಟಿಕಣ್ಣಲ್ಲಿ ಕೂತಿರೋಳು" ಎಂದು ಸುಜಾತ ಒಳಗೆ ಹೋಗಿ ಅಮ್ಮನಿಗೆ ವಿಷಯ ತಿಳಿಸಿದಳು. ಅತ್ತೆ ನಂಬಲಿಲ್ಲ. ಮೊಬೈಲಿನಲ್ಲಿ ಹೊಸ ನಟಿಯ ಫೋಟೋ ತೆರೆದು ಸುಜಾತಳ ಕೈಯಲ್ಲಿ ಒಳಗೆ ಕಳಿಸಿದೆ. ಬಲಗಣ್ಣಿನಲ್ಲಿ ನೋಡಿದವರು, "ನೋಡು, ಫೋಟೋದಾಗೂ ಈ ಕಣ್ಣಿಗೆ ಅಂಗೇ ಕಾಣ್ತದೆ. ಅಲ್ಲುಡುಗಾರು ಒಳ್ಳೇರು. ಸ್ನೇಹಿತರ ಮರ್ಯಾದೆ ಉಳ್ಸಕ್ಕೆ ಏನೋ ಹೇಳ್ತಾವ್ರೆ" ಎಂದರು. ಇಷ್ಟು ವರ್ಷ ಸುದ್ದಿ ಬರೆದವನಿಗೆ ಅಂಥ ಸೌಮ್ಯವಾದ ಅಪನಂಬಿಕೆ ಬೇರೆಲ್ಲೂ ಎದುರಾಗಿರಲಿಲ್ಲ.

ಊರಿನ ಬಸ್ಸು ಹತ್ತುವ ಮೊದಲು ಒಮ್ಮೆ ತೋರಿಸಿಕೊಂಡು ಹೋಗೋಣವೆಂದು ಒಪ್ಪಿಸಿ, ಮೂವರೂ ಶಿರಾಕ್ಕೆ ಹೋದೆವು. ಕಣ್ಣು ಪರೀಕ್ಷೆ ಮಾಡುವ ರಹಮತ್ ಸಾಬರು ಎಡಗಣ್ಣು ಮುಚ್ಚಿಸಿ ಅಂಕಿಗಳ ಫಲಕ ತೋರಿಸಿದರು. ಅತ್ತೆ ಕೊನೆಯ ಸಾಲಿನವರೆಗೆ ತೆಲುಗಿನಲ್ಲಿ ತಪ್ಪಿಲ್ಲದೆ ಓದಿದರು.

"ಬರಾಬರ್ ಐತಲ್ಲ ಅಮ್ಮಾ. ಇನ್ನೇನು ಫಿಕರು?"

"ಅಂಕಿ ಸರ್ಯಾಗೇ ಕಾಣ್ತವೆ ಸಾಬ್ರೇ. ಮುಖಾನೇ ಬ್ಯಾರೆ ಕಾಣ್ತದೆ."

"ಯಾರ ಮುಖ?"

ಅತ್ತೆ ನನ್ನತ್ತ ನೋಡದೆ ಮೆಲ್ಲಗೆ ಹೇಳಿದರು. ರಹಮತ್ ಸಾಬರು ಕೈಯಲ್ಲಿದ್ದ ಕಣ್ಣುಮುಚ್ಚುವ ಹಿಡಿಕೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಅಮ್ಮಾ, ನಮ್ಮ ಮನೇಲೂ ನಿನ್ನೆಯಿಂದ ಅದೇ ಗಲಾಟೆ. ನಮ್ಮ ಖಾಲಾ, ಚಿಕ್ಕಮ್ಮ, ಊಟಾನೇ ಮಾಡಿಲ್ಲ. ಆ ಹೊಸ ಹುಡುಗಿ ಇಂದುಕಲಾನೇ ಅಲ್ಲ, ಯಾರೋ ಮನೆಗೆ ನುಗ್ಗವ್ಳೆ ಅಂತಾಳೆ. ಅವ್ಳಿಗೆ ಯಾವ ಆಪರೇಷನ್ನೂ ಆಗಿಲ್ಲ." ಆಮೇಲೆ ತಮ್ಮ ಮೊಬೈಲಿನಲ್ಲಿ ಎರಡು ತಿಂಗಳ ಹಿಂದಿನ ಕಂತು ಹಾಕಿ, ಶಿಸ್ತಾಗಿ ಎಡಗಣ್ಣು ಮುಚ್ಚಿಸಿ, ಬಲಗಣ್ಣಿನ ಮುಂದೆ ಹಿಡಿದರು.

ಅತ್ತೆ ಬಹಳ ಹೊತ್ತು ನೋಡಿದರು. "ಇವ್ಳೇ ಕಣಮ್ಮ, ನಮ್ಮ ಪಿಲ್ಲ, ನಮ್ಮ ಹುಡ್ಗಿ" ಎಂದು ಸುಜಾತಳ ಕೈ ಹಿಡಿದುಕೊಂಡರು. "ಅಯ್ಯೋ, ಗಲ್ಲದ ಮ್ಯಾಲೆ ಮಚ್ಚೆ ಐತೆ ಇವ್ಳಿಗೆ. ನಾನು ನೋಡೇ ಇರ್ಲಿಲ್ಲ."

ಕಣ್ಣು ಸರಿಯಿದೆ ಎಂದು ಅವರಿಗೆ ಖಾತ್ರಿಯಾದ ಗಳಿಗೆಯಲ್ಲೇ, ಆ ಹುಡುಗಿ ಹೋದಳೆಂಬುದೂ ಖಾತ್ರಿಯಾಯಿತು. ಎರಡಕ್ಕೂ ಸೇರಿಸಿ ಒಂದೇ ಸಲ ಕಣ್ಣೊರೆಸಿಕೊಳ್ಳಲು ಹೋದರು. ಕಣ್ಣು ಉಜ್ಜಬಾರದೆಂದು ರಹಮತ್ ಸಾಬರು ಕೈ ಹಿಡಿದರು.

ಎಡಗಣ್ಣಿಗೆ ಡಾಕ್ಟರು ಹೇಳಿದ ದಿನ ಮಹಾಸಂಗಮದ ವಾರದಲ್ಲಿ ಬೀಳುತ್ತಿತ್ತು. ಅತ್ತೆ ಅದನ್ನು ಕೂಡಲೇ ಗಮನಿಸಿದರು. ಹತ್ತು ದಿನ ಮುಂಚೆಯೇ ಮಾಡಿಸಿಕೊಂಡರೆ ಪಟ್ಟಿಯೂ ಬಿಚ್ಚಿರುತ್ತದೆ, ಸಂಗಮವೂ ಸಿಗುತ್ತದೆ ಎಂದು ರಹಮತ್ ಸಾಬರೇ ಡಾಕ್ಟರ ಪುಸ್ತಕ ನೋಡಿ ಜಾಗ ಮಾಡಿಕೊಟ್ಟರು.

ಮಧುಗಿರಿಗೆ ಮರಳುವ ಬಸ್ಸು ತುಂಬಿತ್ತು. ಸುಜಾತಳಿಗೆ ಮುಂದೆಲ್ಲೋ ಸೀಟು ಸಿಕ್ಕಿತು, ಅತ್ತೆಗೆ ನಡುವೆ. ನಾನು ಅವರ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ.

"ಯಾಕೆ ಬುಟ್ಟೋದ್ಲಂತೆ?"

ಯಾರನ್ನು ಕೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಒಬ್ಬರು ಕೋಳಿ ಬುಟ್ಟಿ ಇಟ್ಟುಕೊಂಡು ನಿದ್ದೆ ಹೋಗಿದ್ದರು.

"ನಿಮ್ಮನ್ನೇ" ಎಂದರು ಅತ್ತೆ. "ಸುಜಾತ ದೂರ ಕೂತವ್ಳೆ. ಎಷ್ಟೊತ್ತು ಕಾಯ್ಲಿ?"

"ಸಿನಿಮಾದಲ್ಲಿ ಅವಕಾಶ ಸಿಕ್ಕಿದೆ ಅಂತಾರೆ. ಮದುವೆ ಗೊತ್ತಾಗಿದೆ ಅಂತಲೂ ಇದೆ. ಯಾವುದೂ ಖಾತ್ರಿಯಿಲ್ಲ."

"ಖಾತ್ರಿ ಇಲ್ದಿದ್ರೆ ಇಲ್ದೆ ಹೋಗ್ಲಿ. ಎಲ್ಲಾ ಹೇಳಿ. ಯಾವ್ದು ನಂಬ್ಬೇಕು ಅಂತ ನಾನು ನೋಡ್ಕಂತೀನಿ."

ಹೇಳಿದೆ. ಬಸ್ಸು ಮಧುಗಿರಿ ತಲುಪುವವರೆಗೂ ಹೇಳಿದೆ. ವರ್ಷಗಳಿಂದ ತಡೆಹಿಡಿದಿದ್ದ ಖಾತ್ರಿಯಿಲ್ಲದ ಸುದ್ದಿಗಳೆಲ್ಲ ಹೊರಬಂದವು: ಯಾವ ಮಾವ ಯಾವ ನಾದಿನಿಯೊಂದಿಗೆ ಮಾತು ಬಿಟ್ಟಿದ್ದಾನೆ, ಯಾವ ಖಳನಾಯಕಿ ನಿಜದಲ್ಲಿ ಬಲು ಸಾಧು. ಅತ್ತೆ ಅರ್ಧವನ್ನು ನಂಬಿದರು, ಅರ್ಧಕ್ಕೆ "ಏಮೋ, ಯಾರಿಗ್ಗೊತ್ತು" ಎಂದರು. ಅಷ್ಟು ಚೆನ್ನಾಗಿ ತಿದ್ದುವ ಸಂಪಾದಕರು ನನಗೆ ಕಚೇರಿಯಲ್ಲೂ ಸಿಕ್ಕಿಲ್ಲ.

ಎಡಗಣ್ಣೂ ಆಯಿತು. ಮಹಾಸಂಗಮದ ಮೊದಲ ದಿನ ಅತ್ತೆ ಬಾಗಿಲ ಮರೆ ಬಿಟ್ಟು ನಡುಮನೆಯ ಕುರ್ಚಿಗೇ ಬಂದು ಕೂತರು. ವಾರಿಜಾ ಹೊಸ ಇಂದುಕಲಾಳನ್ನು ಕಂಡು 'ಎಷ್ಟು ದಿನವಾಯಿತೇ ನಿನ್ನ ನೋಡಿ' ಎಂದು ತಬ್ಬಿಕೊಂಡಳು. ಏಳು ಗಂಟೆಯ ವಕೀಲರೂ ಏಳೂವರೆಯ ಪುರೋಹಿತರೂ ಒಬ್ಬನೇ ನಟ ಎಂಬುದು ಎರಡು ಕಣ್ಣಿಗೂ ಒಟ್ಟಿಗೆ ಬಿದ್ದು, ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಜಾಹೀರಾತು ಬಂದಾಗ ತಿರುಗಿ, ಮೊದಲ ಸಲ ನನ್ನನ್ನು ನೇರವಾಗಿ, ಸಾವಕಾಶವಾಗಿ ನೋಡಿದರು. ತಲೆಯಿಂದ ಮೀಸೆಗೆ, ಮೀಸೆಯಿಂದ ಹೊಟ್ಟೆಗೆ.

"ಸುಜಾತಾ" ಎಂದು ಕೂಗಿದರು. "ಮದ್ವೇಲಿ ಮೀಸೆ ಕರ್ರಗಿತ್ತು, ಕಡ್ಡಿ ಅಂಗಿದ್ರು. ಇವ್ರು ಯಾವಾಗ ಬಂದ್ರೇ?"

"ನಾನೂ ಸರಿಯಾಗಿ ನೋಡ್ಲಿಲ್ಲ ಕಣಮ್ಮ" ಎಂದಳು ಸುಜಾತ ಅಡುಗೆಮನೆಯಿಂದ. "ಯಾವ್ದೋ ಸೋಮವಾರ ಇರ್ಬೇಕು."

ಅತ್ತೆ ಇನ್ನೊಂದು ಗಳಿಗೆ ನೋಡಿ, "ಇರ್ಲಿ, ಇವ್ರೂ ಚೆನ್ನಾಗೇ ಮಾಡ್ತಾವ್ರೆ" ಎಂದು ಟೀವಿಯ ಕಡೆ ತಿರುಗಿದರು.