ನಿಲ್ಲಬಾರದ ದಾರಿ

ಚೆನ್ನೈನ ಅಂಚಿನಲ್ಲಿ, ತಾಂಬರಂನಿಂದ ಶೋಳಿಂಗನಲ್ಲೂರಿನ ಕಡೆಗೆ ಹೋಗುವಾಗ ಸಿಗುತ್ತಿದ್ದ ಜೌಗುನೆಲದ ಆಚೆ ಒಂದು ಕಲ್ಲುಗಣಿ ಇತ್ತು. ತೊಂಬತ್ತರ ದಶಕದ ಕೊನೆ. ಎಂಜಿನಿಯರಿಂಗ್ ಮುಗಿಸಿ ಮೈಸೂರಿನಿಂದ ಬಂದ ನನಗೆ ಸಿಕ್ಕ ಮೊದಲ ಕೆಲಸ, ಆ ಗಣಿಗೆ ರಸ್ತೆ ಮತ್ತು ಕರೆಂಟು ಎಳೆಯುವುದು. ಬೆಳಗಿನ ಹೊತ್ತು ಅಲ್ಲಿ ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ನಾವು ನೆಟ್ಟ ಕಂಬಗಳು ಜೊಂಡಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು.

ರಸ್ತೆಯೂ ತೇಲುವಂಥದ್ದೇ. ಕೆಸರಿನ ಮೇಲೆ ಸರ್ವೆ ಮರದ ಗಳಗಳನ್ನು ಒತ್ತೊತ್ತಾಗಿ ಅಡ್ಡ ಮಲಗಿಸಿ, ತೆಂಗಿನ ಗರಿಯ ತಟ್ಟಿ ಹಾಸಿ, ಜಲ್ಲಿ ಸುರಿಯುತ್ತಿದ್ದೆವು. ನಡೆದರೆ ಅಂಗಾಲಿನಡಿ ಯಾರೋ ಮೆಲ್ಲಗೆ ಉಸಿರಾಡಿದಂತಾಗುತ್ತಿತ್ತು. ಓಡುವ ಲಾರಿಯನ್ನು ಅದು ಹೊರುತ್ತಿತ್ತು. ನಿಂತ ಲಾರಿಯನ್ನು ಹೊರುತ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಪೂಜೆಗೆ ನಿಲ್ಲುವುದೂ ನಿಲ್ಲುವುದೇ ಎಂದು ಯಾರಿಗೂ ಹೊಳೆಯಲಿಲ್ಲ.

ಕಾಂಕ್ರೀಟ್ ಕಂಬಗಳನ್ನು ಹೊತ್ತ ಮೊದಲ ಲಾರಿಯನ್ನು ನಡುದಾರಿಯಲ್ಲಿ ನಿಲ್ಲಿಸಿ ಮೇಸ್ತ್ರಿ ಬೂದುಗುಂಬಳ ತರಿಸಿದ. ಡ್ರೈವರು ಹೊಸೂರಿನ ಕಡೆಯವನು, ನನ್ನೊಡನೆ ಕನ್ನಡದಲ್ಲೇ ಮಾತು.

"ನಿಮ್ಮೂರಲ್ಲಿ ದಸರಾಕ್ಕೆ ಆನೇಗೇ ಪೂಜೆ ಮಾಡ್ತೀರ. ನನ್ ಲಾರಿ ಏನ್ ಪಾಪ ಮಾಡೈತೆ ಸಾರ್?"

"ಆನೆ ನಿನ್ ಥರ ಹಾರ್ನ್ ಹೊಡೆಯಲ್ಲಪ್ಪಾ," ಎಂದೆ. ಅವನು ನಕ್ಕು ಒಂದು ಸಲ ಹಾರ್ನ್ ಹೊಡೆದ.

ಗಾಳಿಗೆ ಕರ್ಪೂರ ಆರುತ್ತಲೇ ಇತ್ತು. ಮೇಸ್ತ್ರಿ ಮತ್ತೆ ಕಡ್ಡಿ ಗೀರಿದ. ಮುಂದಿನ ಚಕ್ರದೆದುರು ಇಟ್ಟಿದ್ದ ನಿಂಬೆಹಣ್ಣು ಜಲ್ಲಿಯೊಂದಿಗೆ ಸದ್ದಿಲ್ಲದೆ ಕೆಳಗಿಳಿದು ಕಾಣದಾಯಿತು. ಎಷ್ಟು ಚೆಂದ ಇಳಿಯಿತು ಎಂದುಕೊಂಡೆ. ಆಮೇಲೆ ಗಳಗಳು ಲಟಲಟನೆ ಮುರಿದವು.

ಲಾರಿ ನಿದ್ದೆ ಬಂದವರಂತೆ ಮುಂದಕ್ಕೆ ತೂಗಿ ಬಲಕ್ಕೆ ವಾಲಿತು. ಡ್ರೈವರಿನ ಬಾಗಿಲಿಗೆ ಕೆಸರು ಒತ್ತಿಕೊಂಡಿತು. ಹಳೇ ಎಡಬಾಗಿಲು ಮೊದಲೇ ತಂತಿ ಸುತ್ತಿ ಬಿಗಿದದ್ದು. ಅವನ ಹಿಂದೆ ಕಂಬಗಳ ಹಗ್ಗ ಕಿರುಗುಟ್ಟುತ್ತಿತ್ತು. ಅದು ಹರಿದರೆ ಕಂಬಗಳೆಲ್ಲ ಅವನ ಮೇಲೆಯೇ.

"ಅಣ್ಣೇ! ತೆರಕ್ಕಲೆ ಅಣ್ಣೇ!" ಬಾಗಿಲು ತೆಗೆಯುತ್ತಿಲ್ಲವೆಂದು ಅವನು ತಮಿಳಿನಲ್ಲೇ ಕೂಗಿದ. ನಾಲ್ಕೈದು ಜನ ಓಡಿದರು.

"ಒಬ್ಬನೇ ಹತ್ತಲಿ! ಉಳಿದವರು ಹಿಂದಕ್ಕೆ!" ಎಂದು ಮೇಸ್ತ್ರಿ ಅರಚಿದ. ಲೈನ್‌ಮನ್ ಒಬ್ಬ ಬೆಕ್ಕಿನಂತೆ ಮೆಟ್ಟಿಲೇರಿ, ಇಕ್ಕಳದಿಂದ ತಂತಿ ಕತ್ತರಿಸಿ, ಡ್ರೈವರನ್ನು ಅಂಗಿ ಹಿಡಿದು ಹೊರಗೆಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಹಗ್ಗ ಹರಿಯಿತು. ಕಂಬಗಳು ಜಾರಿ ಮುಂಭಾಗವನ್ನು ಒತ್ತಿದವು. ಸ್ಟಿಯರಿಂಗ್ ಇದ್ದ ಜಾಗದಲ್ಲಿ ಗುಳ್ಳೆಗಳು ಏಳತೊಡಗಿದವು.

ಡ್ರೈವರು ತುಂಬ ಹೊತ್ತು ಅದನ್ನೇ ನೋಡುತ್ತಿದ್ದ. "ಸಾರ್, ಚಪ್ಪಲಿ ಒಳಗೇ ಉಳ್ಕೊಂತು," ಎಂದ.

ಕುಂಬಳಕಾಯಿ ಒಡೆಯದೆ ಹಾಗೇ ಉಳಿದಿತ್ತು. ಮುಂದಿನ ಲಾರಿಗೆ ಅದನ್ನು ಈಚೆ ದಡದ ಗಟ್ಟಿ ನೆಲದಲ್ಲಿ ಒಡೆದರು.

ಅದಾಗಿ ಕೆಲವೇ ವರ್ಷಕ್ಕೆ ಅಲ್ಲೆಲ್ಲ ಮಣ್ಣು ತುಂಬಿ ಅಗಲವಾದ ರಸ್ತೆ ಬಂತು. ಈಗ ಆಫೀಸಿನ ಕಾರಿನಲ್ಲಿ ಅದರ ಮೇಲೇ ಹೋಗುತ್ತೇನೆ. ಮುಂದೆ ವಾಹನಗಳ ಸಾಲು ನಿಂತು ನಮ್ಮ ಗಾಡಿಯೂ ನಿಂತ ಕೂಡಲೇ ನನ್ನ ಎರಡೂ ಪಾದಗಳು ತಾವಾಗಿ ಮೇಲೇಳುತ್ತವೆ.

"ಯಾಕಪ್ಪಾ ನಿಲ್ಲಿಸ್ದೆ?" ಗಾಬರಿಯಲ್ಲಿ ಬಾಯಿಗೆ ಕನ್ನಡವೇ ಬರುತ್ತದೆ.

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾನೆ. "ಸಿಗ್ನಲ್ ಸಾರ್."